ಫೈಬ್ರಿನ್ ಪ್ಲೇಟ್‌ನಲ್ಲಿ ಸ್ಟ್ರೆಪ್ಟೋಕೈನೇಸ್ ಕೆಲಸವನ್ನೇ ಮಾಡುತ್ತಿಲ್ಲ, ಯಾಕಿರಬಹುದು?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ಮಣ್ಣಿನ ಬ್ಯಾಸಿಲಸ್ ಬ್ಯಾಕ್ಟೀರಿಯಾದಿಂದ ತೆಗೆದ ಪ್ರೋಟಿಯೇಸನ್ನು (ಪ್ರೋಟೀನ್ ಕತ್ತರಿಸುವ ಎಂಜೈಮ್) ರಕ್ತದ ಹೆಪ್ಪು ಕರಗಿಸುವ ಔಷಧ ಸ್ಟ್ರೆಪ್ಟೋಕೈನೇಸ್ ಜೊತೆ ಹೋಲಿಸುತ್ತಿದ್ದೇನೆ. ದನದ ಫೈಬ್ರಿನೋಜೆನ್‌ಗೆ ಥ್ರಾಂಬಿನ್ ಹಾಕಿ, ಹೆಪ್ಪಿನ ಎಳೆಗಳಾದ ಫೈಬ್ರಿನ್‌ನ ಪ್ಲೇಟ್ ಮಾಡಿ, 80 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದೆ. 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟ ಮೇಲೆ ನನ್ನ ಎಂಜೈಮ್ ಹಾಕಿದ ಕಡೆ ತಿಳಿಯಾದ ವೃತ್ತ ಮೂಡಿದೆ. ಸ್ಟ್ರೆಪ್ಟೋಕೈನೇಸ್ ಸುತ್ತ ಬಿಳಿ ಪದರ ಹಾಗೇ ಇದೆ. ಹೊಸ ವಯಲ್ ಒಡೆದರೂ ಅಷ್ಟೇ. ನನ್ನ ಎಂಜೈಮೇ ಹೆಚ್ಚು ಶಕ್ತಿಶಾಲಿ ಅಂತ ಬರೆಯಬಹುದಾ?

ಉತ್ತರ: ದಯವಿಟ್ಟು ಬರೆಯಬೇಡಿ. ವಯಲ್ ಮೇಲೆ ಅನುಮಾನ ಪಡುವ ಮೊದಲು ಪ್ಲೇಟ್ ನೋಡಿ. ಸ್ಟ್ರೆಪ್ಟೋಕೈನೇಸ್ ತಾನೇ ಫೈಬ್ರಿನ್ ಕತ್ತರಿಸುವುದಿಲ್ಲ. ಅದು ರಕ್ತದಲ್ಲಿ ನಿಷ್ಕ್ರಿಯವಾಗಿರುವ ಪ್ಲಾಸ್ಮಿನೋಜೆನ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡು, ಉಳಿದ ಪ್ಲಾಸ್ಮಿನೋಜೆನನ್ನು ಪ್ಲಾಸ್ಮಿನ್ ಆಗಿಸುತ್ತದೆ. ಹೆಪ್ಪು ಕರಗಿಸುವುದು ಆ ಪ್ಲಾಸ್ಮಿನ್. ಫೈಬ್ರಿನೋಜೆನ್ ಜೊತೆ ಬೆರೆತು ಬಂದಿದ್ದ ಪ್ಲಾಸ್ಮಿನೋಜೆನ್ ನೀವು ಕಾಯಿಸಿದಾಗಲೇ ಹಾಳಾಗಿದೆ. ಕಾಯಿಸದೆ ಬಿಟ್ಟಿದ್ದರೂ ಪ್ರಯೋಜನ ಅಷ್ಟಕ್ಕಷ್ಟೆ, ದನದ ಪ್ಲಾಸ್ಮಿನೋಜೆನ್ ಸ್ಟ್ರೆಪ್ಟೋಕೈನೇಸ್‌ಗೆ ಸರಿಯಾಗಿ ಬಗ್ಗುವುದಿಲ್ಲ.

ಕಾಯಿಸಿದ ಪ್ಲೇಟನ್ನೇ ಇಟ್ಟುಕೊಳ್ಳಿ. ಒಂದು ಕಡೆ ಸ್ಟ್ರೆಪ್ಟೋಕೈನೇಸ್ ಮತ್ತು ಮನುಷ್ಯರ ಪ್ಲಾಸ್ಮಿನೋಜೆನ್ ಬೆರೆಸಿ ಹಾಕಿ, ಪಕ್ಕದಲ್ಲಿ ಬರೀ ಪ್ಲಾಸ್ಮಿನೋಜೆನ್, ಇನ್ನೊಂದರಲ್ಲಿ ಸಿದ್ಧ ಪ್ಲಾಸ್ಮಿನ್. ಮೊದಲನೆಯದರಲ್ಲೂ ಮೂರನೆಯದರಲ್ಲೂ ವೃತ್ತ ಬಂದು, ನಡುವಿನದರಲ್ಲಿ ಬರದಿದ್ದರೆ ನಿಮ್ಮ ವಯಲ್ ಸರಿಯಾಗಿದೆ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಆದರೆ ನೇರವಾಗಿ ಕತ್ತರಿಸುವ ಎಂಜೈಮ್ ಔಷಧವಾಗಿ ಇನ್ನೂ ಒಳ್ಳೆಯದಲ್ಲವೇ?

ಉತ್ತರ: ಇಲ್ಲಿಯೇ ಎಷ್ಟೋ ಪ್ರಾಜೆಕ್ಟ್ ವರದಿಗಳು ಎಡವುವುದು, ಅದಕ್ಕೇ ಒತ್ತಿ ಹೇಳುತ್ತೇನೆ. ಪ್ಲೇಟ್‌ನಲ್ಲಿ ಇರುವುದು ಫೈಬ್ರಿನ್ ಒಂದೇ. ರಕ್ತದಲ್ಲಿ ಫೈಬ್ರಿನೋಜೆನ್ ಇದೆ, ಹೆಪ್ಪುಗಟ್ಟಿಸುವ ಇತರ ಪ್ರೋಟೀನ್‌ಗಳಿವೆ. ಎಲ್ಲವನ್ನೂ ಕಡಿಯುವ ಪ್ರೋಟಿಯೇಸ್ ಅವನ್ನೂ ಬಿಡುವುದಿಲ್ಲ, ರಕ್ತಸ್ರಾವವಾಗುತ್ತದೆ. ಪ್ಲಾಸ್ಮಿನೋಜೆನನ್ನು ಪ್ಲಾಸ್ಮಿನ್ ಆಗಿಸುವ ಇನ್ನೊಂದು ಔಷಧ ಆಲ್ಟಿಪ್ಲೇಸ್, ಅದು ಫೈಬ್ರಿನ್‌ಗೆ ಅಂಟಿಕೊಂಡಾಗಲೇ ಹೆಚ್ಚು ಚುರುಕಾಗುತ್ತದೆ, ಹಾಗಾಗಿ ಪ್ಲಾಸ್ಮಿನ್ ಬಹುಪಾಲು ಹೆಪ್ಪಿನ ಮೇಲೆಯೇ ಹುಟ್ಟುತ್ತದೆ. ಅಷ್ಟಿದ್ದೂ ಮಿದುಳಿನಲ್ಲಿ ರಕ್ತಸ್ರಾವದ ಅಪಾಯ ತಪ್ಪಿದ್ದಲ್ಲ. ಆದ್ದರಿಂದಲೇ ಪಾರ್ಶ್ವವಾಯುವಿಗೆ ಕೊಡುವ ಮೊದಲು ಸ್ಕ್ಯಾನ್ ಮಾಡಿ ರಕ್ತಸ್ರಾವ ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡುತ್ತಾರೆ.

ಸ್ಟ್ರೆಪ್ಟೋಕೈನೇಸ್‌ಗೆ ಹೀಗೆ ಹೆಪ್ಪನ್ನೇ ಆರಿಸಿಕೊಳ್ಳುವ ಗುಣ ಇಲ್ಲ, ಬ್ಯಾಕ್ಟೀರಿಯಾದ ಪ್ರೋಟೀನ್ ಆದ್ದರಿಂದ ದೇಹ ಪ್ರತಿಕಾಯಗಳನ್ನೂ ಕಟ್ಟುತ್ತದೆ. ಆದರೂ ಹೃದಯಾಘಾತದಲ್ಲಿ ಅದು ಜೀವ ಉಳಿಸುತ್ತದೆಂದು 1988ರ ಐಸಿಸ್-2 ಎಂಬ, ರೋಗಿಗಳ ಮೇಲಿನ ಚಿಕಿತ್ಸಾ ಪ್ರಯೋಗ ಸ್ಪಷ್ಟವಾಗಿ ತೋರಿಸಿತು.

ನಿಮ್ಮ ಎಂಜೈಮನ್ನು ಕೆನೆ ತೆಗೆದ ಹಾಲಿನ ಅಗಾರ್ ಮೇಲೂ ಹಾಕಿ ನೋಡಿ. ಅಲ್ಲೂ ದೊಡ್ಡ ವೃತ್ತ ಬಂದರೆ ಅದು ಫೈಬ್ರಿನ್ ಒಂದನ್ನೇ ಅಲ್ಲ, ಹಾಲಿನ ಪ್ರೋಟೀನನ್ನೂ ಕಡಿಯುತ್ತಿದೆ ಎಂದರ್ಥ. ಹಾಗಾದರೆ ಫೋಟೋ ಸಮೇತ ಇಲ್ಲಿ ಹಾಕಿ, ಮುಂದಿನದನ್ನು ನೋಡೋಣ.