ಬೆನ್ನಿಗೆ ಹಚ್ಚುವವರು ಯಾರು?

ಬಾಗಲಕೋಟೆಯ ನವನಗರದಲ್ಲಿ ಬಸಣ್ಣನವರ ಮನೆಯ ಕಟ್ಟೆಯ ಮೇಲೆ ಮೊನ್ನೆ ಸಂಜೆ ನಡೆದ ವಾದಕ್ಕೆ ಕಾರಣ, ಔಷಧಿ ಅಂಗಡಿಯ ಸಂಗಮೇಶ ಆನ್‌ಲೈನಿನಲ್ಲಿ ತರಿಸಿಕೊಂಡ ಒಂದು ಜೊತೆ ರೇಷ್ಮೆಯ ಕೈಗವಸು. ಕಚ್ಚಾ ರೇಷ್ಮೆಯಿಂದ ನೇಯ್ದ, ಮುಟ್ಟಿದರೆ ತುಸು ತರಿತರಿಯಾಗಿರುವ ಈ ಗವಸು ತೊಟ್ಟು, ಸ್ನಾನಕ್ಕೆ ಮೊದಲು ಒಣ ಮೈಯನ್ನು ಉಜ್ಜಿಕೊಳ್ಳುವುದಕ್ಕೆ ಘರ್ಷಣವೆಂದು ಹೆಸರು. ಪಾದದಿಂದ ಆರಂಭಿಸಿ ಹೃದಯದ ಕಡೆಗೆ ಸಾಗಬೇಕು. ತೊಡೆ, ತೋಳುಗಳಲ್ಲಿ ಉದ್ದಕ್ಕೆ ಎಳೆಯಬೇಕು, ಮೊಣಕಾಲು, ಮೊಣಕೈ, ಹೆಗಲುಗಳಲ್ಲಿ ದುಂಡಗೆ ತಿರುವಬೇಕು. ಅದಾದ ಮೇಲೆ ಬೆಚ್ಚಗಿನ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಎರೆದುಕೊಳ್ಳಬೇಕು. ಇಷ್ಟನ್ನೂ ಸಂಗಮೇಶ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದನು.

“ಬೆಲೆ ಎಷ್ಟು, ತಮ್ಮಾ?” ಎಂದರು ಬಸಣ್ಣನವರು. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ನಡೆಸಿ ಈಗ ಮಗನಿಗೆ ವಹಿಸಿಕೊಟ್ಟಿರುವ ಅವರು ಯಾವ ಶಾಸ್ತ್ರವನ್ನೇ ಆಗಲಿ ಈ ಬಾಗಿಲಿನಿಂದಲೇ ಪ್ರವೇಶಿಸುತ್ತಾರೆ.

“ಏಳುನೂರು ರೂಪಾಯಿ, ಕಾಕಾ.”

“ಏಳುನೂರು ಕೊಟ್ಟು ಮೈ ತುರಿಸಿಕೊಳ್ಳುವುದೇ! ನಮ್ಮ ಅವ್ವ ಒಣಗಿದ ತುಪ್ಪದ ಹೀರೇಕಾಯಿಯ ನಾರಿನಿಂದ ನಮ್ಮ ಮೈಯನ್ನು ಪುಕ್ಕಟೆಯಾಗಿ ಕೆಂಪು ಮಾಡುತ್ತಿದ್ದಳು. ರೇಷ್ಮೆಯೇ ಬೇಕೆಂದರೆ ಇಳಕಲ್ಲು ನಮ್ಮ ಜಿಲ್ಲೆಯಲ್ಲಿಯೇ ಇದೆ. ಇಳಕಲ್ಲ ಸೀರೆಯ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ಒಂದು ಹಳೆಯ ಸೆರಗನ್ನು ಕತ್ತರಿಸಿದರೆ ಐದು ಜನರಿಗೆ ಗವಸುಗಳಾಗುತ್ತವೆ.”

“ಸೆರಗಿಗೆ ಕತ್ತರಿ ಹಾಕುವವರ ಮೈ ಉಜ್ಜುವುದಕ್ಕೆ ನನಗೆ ಗವಸು ಬೇಕಾಗುವುದಿಲ್ಲ, ಬರಿಗೈ ಸಾಕು” ಎಂದು ಒಳಗಿನಿಂದ ಶಾಂತಕ್ಕನವರ ಧ್ವನಿ ಕೇಳಿಬಂತು. ಬಸಣ್ಣನವರು ಆ ಪ್ರಸ್ತಾಪವನ್ನು ಅಲ್ಲಿಗೇ ಹಿಂತೆಗೆದುಕೊಂಡರು. ಕುಲಕರ್ಣಿ ಮಾಸ್ತರರು ಅವರ ಮಾನ ಉಳಿಸಲೆಂಬಂತೆ ಮತ್ತೊಂದು ಕಾರಣವನ್ನು ಒದಗಿಸಿದರು: ಸೀರೆಯ ರೇಷ್ಮೆಯನ್ನು ಕುದಿಸಿ ಅದರ ಸಹಜವಾದ ಅಂಟನ್ನು ತೆಗೆದಿರುತ್ತಾರೆ, ಆದ್ದರಿಂದ ಅದು ನುಣುಪು, ಕಚ್ಚಾ ರೇಷ್ಮೆಯಲ್ಲಿ ಆ ಅಂಟು ಉಳಿದಿರುವುದರಿಂದಲೇ ಅದಕ್ಕೆ ಉಜ್ಜುವ ಗುಣವಿದೆ. ಮಾಸ್ತರರು ಗಣಿತ ಕಲಿಸಿ ನಿವೃತ್ತರಾದವರು. ನಿವೃತ್ತಿಯ ಮೇಲೆ ವೈದ್ಯಗ್ರಂಥಗಳ ಕನ್ನಡ ಅನುವಾದಗಳನ್ನು ಓದುತ್ತ, ಅವುಗಳಲ್ಲಿ ಎಲ್ಲಿಯಾದರೂ ಲೆಕ್ಕ ಸಿಕ್ಕರೆ ಹಬ್ಬ ಮಾಡುತ್ತಾರೆ.

“ಗವಸು ಬಹಳ ಮೃದುವಾಯಿತು” ಎಂದು ಮಾಸ್ತರರು ಮುಂದುವರಿಸಿದರು. “ಸುಶ್ರುತ ಸಂಹಿತೆಯಲ್ಲಿ ಮೈಯನ್ನು ಇಟ್ಟಿಗೆಯಿಂದ ಉಜ್ಜುವ ಮಾತಿದೆ. ತುರಿಕೆ, ದದ್ದುಗಳು ಹೋಗುತ್ತವೆಯಂತೆ.”

“ಚರ್ಮವೇ ಹೋದ ಮೇಲೆ ತುರಿಕೆ ಎಲ್ಲಿ ಉಳಿಯಬೇಕು?” ಎಂದರು ಬಸಣ್ಣನವರು.

ಸಂಗಮೇಶನಿಗೆ ಗವಸಿನ ಪೊಟ್ಟಣದ ಮೇಲೆ ಅಚ್ಚಾಗಿದ್ದ ಭರವಸೆಗಳ ಮೇಲೆ ಅಪಾರ ವಿಶ್ವಾಸ. ಉಜ್ಜಿದರೆ ದೇಹದೊಳಗಿನ ವಿಷವೆಲ್ಲ ಚರ್ಮದ ಮೂಲಕ ಹೊರಬೀಳುತ್ತದೆ ಎಂದು ಅವನು ಹೇಳಿದಾಗ, ಹಾಗಾದರೆ ಯಕೃತ್ತು ಮತ್ತು ಮೂತ್ರಪಿಂಡಗಳು ಇಷ್ಟು ದಿನ ಸಂಬಳ ತೆಗೆದುಕೊಂಡು ಏನು ಮಾಡುತ್ತಿದ್ದವು ಎಂದು ಮಾಸ್ತರರು ಕೇಳಿದರು. ಉತ್ತರ ಬರಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಉಜ್ಜುವುದರಿಂದ ಮೇಲಿನ ಸತ್ತ ಪದರು ಉದುರುತ್ತದೆ, ಚರ್ಮಕ್ಕೆ ಸ್ವಲ್ಪ ಹೊತ್ತು ರಕ್ತ ಏರುತ್ತದೆ, ಮನಸ್ಸಿಗೆ ಎಚ್ಚರ ಬರುತ್ತದೆ. ಏಳುನೂರು ರೂಪಾಯಿಗೆ ಇದು ಕಡಿಮೆಯೆನಿಸಿದರೆ ಹೀರೇಕಾಯಿಯ ನಾರಿಗೆ ಮರಳುವುದೇ ಲೇಸು.

ಇಷ್ಟು ಹೊತ್ತು ಸುಮ್ಮನಿದ್ದ ಹುಸೇನಸಾಬ ಪೈಲ್ವಾನರು ಈಗ ಬಾಯಿ ಬಿಟ್ಟರು. “ಉಜ್ಜುವುದು ಹೇಗಾದರೂ ಇರಲಿ, ಎಣ್ಣೆಯ ಮಾತು ಆಡಿರಿ. ಗರಡಿಯಲ್ಲಿ ನಾವು ಮೈಗೆ ಹಚ್ಚಿದ್ದು ಸಾಲದೆಂದು ಕಣದ ಕೆಮ್ಮಣ್ಣಿಗೂ ಎಣ್ಣೆ, ಮಜ್ಜಿಗೆ, ಅರಿಷಿಣ ಬೆರೆಸುತ್ತಿದ್ದೆವು.”

ಮಾಸ್ತರರ ಮುಖ ಅರಳಿತು. ಚರಕನು ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಇದೇ ಮಾತನ್ನು ಹೇಳಿದ್ದಾನೆಂದೂ, ಎಣ್ಣೆಯಿಂದ ಗಡಿಗೆ, ತೊಗಲು ಮತ್ತು ಬಂಡಿಯ ಅಚ್ಚು ಗಟ್ಟಿಯಾಗಿ ತಾಳಿಕೆಯನ್ನು ಪಡೆಯುವ ಹಾಗೆಯೇ ಅಭ್ಯಂಗದಿಂದ ಶರೀರವೂ ದೃಢವಾಗುತ್ತದೆಂಬುದು ಅವನ ಮತವೆಂದೂ ವಿವರಿಸಿದರು. ಸ್ಪರ್ಶವು ವಾಯುವಿನ ಅಧೀನ, ಸ್ಪರ್ಶದ ನೆಲೆ ಚರ್ಮ, ಚರ್ಮಕ್ಕೆ ಅಭ್ಯಂಗಕ್ಕಿಂತ ಹಿತವಾದುದಿಲ್ಲ. ಆದ್ದರಿಂದ ಅದನ್ನು ರೂಢಿಸಿಕೊಳ್ಳಬೇಕು ಎಂಬ ತರ್ಕವನ್ನೂ ಸೇರಿಸಿದರು. ಬಸಣ್ಣನವರ ಕಿವಿಗೆ ಬಿದ್ದದ್ದು ಅಚ್ಚು ಮಾತ್ರ.

“ಚರಕ ಬಂಡಿಯ ಅಚ್ಚಿನ ವಿಷಯ ಬರೆದಿದ್ದಾನೆಯೇ? ಇದನ್ನು ಮೊದಲೇ ಹೇಳಬಾರದೇ, ಮಾಸ್ತರೇ! ಕೀಲೆಣ್ಣೆ ಕಾಣದ ಬಂಡಿ ಅರ್ಧ ಹರದಾರಿಗೇ ಕಿರುಗುಟ್ಟುತ್ತದೆ. ಈ ಮನುಷ್ಯ ತಿಳಿದವನು. ಯಾವ ಎಣ್ಣೆ ಎಂದು ಬರೆದಿದ್ದಾನೆ? ನಮ್ಮ ಅಂಗಡಿಯಲ್ಲಿ ಗೇರ್ ಆಯಿಲ್ ಇದೆ.”

ಗೇರ್ ಆಯಿಲ್ ತಿರಸ್ಕೃತವಾಯಿತು. ವಾತಕ್ಕೆ ಎಳ್ಳೆಣ್ಣೆಯೇ ಶ್ರೇಷ್ಠವೆಂದು ಮಾಸ್ತರರು, ಬೇಸಿಗೆಯಲ್ಲಿ ಕೊಬ್ಬರಿ ಎಣ್ಣೆ ತಂಪೆಂದು ಸಂಗಮೇಶ, ಯಾವುದೇ ಆದರೂ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಬೇಕೇ ಹೊರತು ಒಲೆಯ ಮೇಲೆ ನೇರವಾಗಿ ಕಾಯಿಸಬಾರದೆಂದು ಪೈಲ್ವಾನರು ಹೇಳಿದರು. ಕುಸುಬಿ ಎಣ್ಣೆಯ ಹೆಸರನ್ನು ನಾನು ಎತ್ತಿದೆನು. ಅದು ಒಗ್ಗರಣೆಗೆ ಮೀಸಲೆಂದು ಒಳಗಿನಿಂದ ತೀರ್ಪು ಬಂತು.

ಹಚ್ಚಿದ ಎಣ್ಣೆ ಎಷ್ಟು ಹೊತ್ತು ಇರಬೇಕೆಂಬ ಪ್ರಶ್ನೆ ಬಂದಾಗ ಮಾಸ್ತರರಿಗೆ ಅವರ ಹಬ್ಬ ಸಿಕ್ಕಿತು. ಸುಶ್ರುತ ಸಂಹಿತೆಯ ವ್ಯಾಖ್ಯಾನಕಾರನಾದ ಡಲ್ಹಣನು ಇದಕ್ಕೆ ಲೆಕ್ಕವನ್ನೇ ಕೊಟ್ಟಿದ್ದಾನೆ: ಎಣ್ಣೆಯು 300 ಮಾತ್ರಾಕಾಲದಲ್ಲಿ ಕೂದಲಿನ ಬುಡವನ್ನು, 400ರಲ್ಲಿ ಚರ್ಮವನ್ನು, 500ರಲ್ಲಿ ರಕ್ತವನ್ನು, 600ರಲ್ಲಿ ಮಾಂಸವನ್ನು, 700ರಲ್ಲಿ ಮೇದಸ್ಸನ್ನು, 800ರಲ್ಲಿ ಎಲುಬನ್ನು, 900ರಲ್ಲಿ ಮಜ್ಜೆಯನ್ನು ಮುಟ್ಟುತ್ತದೆ. ಒಂದು ಮಾತ್ರೆಯೆಂದರೆ ಹ್ರಸ್ವಾಕ್ಷರವೊಂದನ್ನು ಉಚ್ಚರಿಸುವಷ್ಟು ಹೊತ್ತು.

“ನಡುವೆ ಎಣಿಕೆ ತಪ್ಪಿದರೆ ಎಣ್ಣೆ ಮಾಂಸದಲ್ಲಿಯೇ ನಿಂತುಬಿಡುತ್ತದೆಯೇ?” ಎಂದು ಬಸಣ್ಣನವರು ಆತಂಕದಿಂದ ಕೇಳಿದರು.

ಎಣ್ಣೆ ಅಷ್ಟು ದೂರ ಪ್ರಯಾಣ ಮಾಡುವುದೇ ಇಲ್ಲ, ಬಹುಪಾಲು ಚರ್ಮದ ಮೇಲ್ಪದರಿನಲ್ಲಿಯೇ ಉಳಿದು ಒಳಗಿನ ತೇವ ಆರಿಹೋಗದಂತೆ ತಡೆಯುತ್ತದೆ ಎಂದು ಸಂಗಮೇಶ ಹೇಳಿದನು. ಪೊಟ್ಟಣದ ವಿಷಯದಲ್ಲಿ ಸೋತವನು ಇಲ್ಲಿ ಗೆದ್ದನೆಂದು ನಾನು ಒಪ್ಪುತ್ತೇನೆ. ಚಳಿಗಾಲದ ಒಣಗಾಳಿಗೆ ಹಿಮ್ಮಡಿ ಸೀಳಿ, ಕೊಳವೆಬಾವಿಯ ಗಡಸು ನೀರಿಗೆ ಮೈ ಬಿಗಿದು ಬಿಳಿಚಿಕೊಳ್ಳುವ ನಮ್ಮ ಸೀಮೆಯಲ್ಲಿ ತೇವ ಉಳಿಸಿಕೊಳ್ಳುವುದೇನು ಸಣ್ಣ ಉಪಕಾರವೇ? ಆದರೂ ಡಲ್ಹಣನ ಲೆಕ್ಕವನ್ನು ಬಿಟ್ಟುಕೊಡಲು ಮಾಸ್ತರರಿಗೆ ಮನಸ್ಸಾಗಲಿಲ್ಲ. ಎಣ್ಣೆ ಮಜ್ಜೆಗೆ ಮುಟ್ಟದಿದ್ದರೂ ಚಿಂತೆಯಿಲ್ಲ, ಒಂಬೈನೂರು ಎಣಿಸುವಷ್ಟು ಹೊತ್ತು ಮನುಷ್ಯ ಫೋನು ಮುಟ್ಟದೆ ಕುಳಿತನಲ್ಲ ಎಂದರು.

ಬರಿಯ ಮಾತಿನಿಂದ ಬೇಸತ್ತ ಪೈಲ್ವಾನರು ಬಸಣ್ಣನವರ ಎಡಗಾಲನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಅಂಗೈಯ ಬುಡವನ್ನು ಮೀನಖಂಡದ ಕೆಳಗೆ ಊರಿ, ಬೆರಳುಗಳನ್ನು ಸಡಿಲವಾಗಿ ಬಿಟ್ಟು, ತೋಳಿನ ಬಲ ಬಳಸದೆ ಮೈಯ ಭಾರವನ್ನಷ್ಟೇ ಕೊಟ್ಟು ನಿಧಾನವಾಗಿ ಮೇಲಕ್ಕೆ ಸರಿಸಿದರು. ನಡುವೆ ಒಂದು ಕಡೆ ಹೆಬ್ಬೆರಳು ತಾನಾಗಿ ನಿಂತಿತು. “ಇಲ್ಲಿ ಗಂಟಿದೆ” ಎಂದರು. ಗಂಟು ಇರುವುದನ್ನು ಬಸಣ್ಣನವರು ಪಕ್ಕದ ಸೆಕ್ಟರಿನವರೆಗೂ ಕೇಳಿಸುವಂತೆ ದೃಢಪಡಿಸಿದರು. ಹೆಬ್ಬೆರಳು ಅಲ್ಲಿಯೇ ಸಣ್ಣ ಸುತ್ತು ಹಾಕುತ್ತಿದ್ದಂತೆ ಕೂಗು ನರಳಿಕೆಯಾಯಿತು, ನರಳಿಕೆ ನಿಟ್ಟುಸಿರಾಯಿತು. “ಬಲಗಾಲಿನಲ್ಲಿಯೂ ಇರಬಹುದು, ನೋಡಿರಿ” ಎಂದು ಅವರು ಬಲಗಾಲನ್ನೂ ತಾವಾಗಿಯೇ ಮುಂದೆ ಚಾಚಿದರು.

ಬರುವ ಭಾನುವಾರ ಎಲ್ಲರೂ ಕೂಡಿ ಅಭ್ಯಂಗ ಮಾಡಿಕೊಳ್ಳುವುದೆಂದು ಅಲ್ಲಿಯೇ ನಿಶ್ಚಯವಾಯಿತು. ವರ್ಷಕ್ಕೊಮ್ಮೆ ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆ ಹಚ್ಚಿಸಿಕೊಂಡು ಉಳಿದ ದಿನಗಳಲ್ಲಿ ಮರೆತುಬಿಡುವ ನಮಗೆ, ಅಷ್ಟಾಂಗಹೃದಯದಲ್ಲಿ ವಾಗ್ಭಟನು ನಿತ್ಯವೂ ಹಚ್ಚಬೇಕೆಂದು ಹೇಳಿದ್ದನ್ನು ಕೇಳಿ ನಾಚಿಕೆಯಾಯಿತು. ಸಮಯವಿಲ್ಲದವರು ತಲೆ, ಕಿವಿ, ಪಾದಗಳಿಗಾದರೂ ಹಚ್ಚಲಿ, ಅಲ್ಲಿ ವಿಶೇಷವಾಗಿ ಹಚ್ಚಬೇಕೆಂದು ವಾಗ್ಭಟನೂ ಹೇಳಿದ್ದಾನೆ ಎಂದು ಮಾಸ್ತರರು ಸೇರಿಸಿದಾಗ, ಈ ರಿಯಾಯಿತಿ ಬಸಣ್ಣನವರಿಗೆ ಬಹಳ ಹಿಡಿಸಿತು.

ಆದರೆ ಮಾಸ್ತರರು ಅದರ ಮುಂದಿನ ಸಾಲನ್ನೂ ಹೇಳಿಬಿಟ್ಟರು: ಕಫದಿಂದ ಬಳಲುವವರು, ಶೋಧನ ಮಾಡಿಸಿಕೊಂಡವರು, ಅಜೀರ್ಣವಾದವರು ಅಭ್ಯಂಗ ಮಾಡಿಕೊಳ್ಳಬಾರದು. ಎರಡು ದಿನಗಳಿಂದ ಕಫ ಕಟ್ಟಿ ಕೆಮ್ಮುತ್ತಿದ್ದ ನಾನು ಮೊದಲು ಹೊರಬಿದ್ದೆನು. ಮಾಸ್ತರರು ಸ್ವತಃ ಹಿಂದಿನ ರಾತ್ರಿ ಔಡಲೆಣ್ಣೆ ಕುಡಿದು ಹೊಟ್ಟೆ ತೊಳೆದುಕೊಂಡಿದ್ದರು. ಎರಡು ತಟ್ಟೆ ಗಿರಮಿಟ್ಟನ್ನು ಮಿರ್ಚಿ ಸಮೇತ ಮುಗಿಸಿ ಬಂದಿದ್ದ ಬಸಣ್ಣನವರು ತೇಗಿನ ಮೂಲಕವೇ ತಮ್ಮ ಅನರ್ಹತೆಯನ್ನು ಸಾರಿದರು. ಉಳಿದ ಸಂಗಮೇಶನಿಗೆ ಕಂಕುಳಲ್ಲಿ ಗಜಕರ್ಣವಾಗಿತ್ತು. ಹುಣ್ಣು, ಇಸುಬು, ಗಜಕರ್ಣ ಇದ್ದ ಕಡೆ ಗವಸಿನಿಂದ ಉಜ್ಜಬಾರದೆಂದು ಅವನೇ ಗಿರಾಕಿಗಳಿಗೆ ಹೇಳುವವನು. ಐದು ಜನರಲ್ಲಿ ಎಲ್ಲ ಅರ್ಹತೆಗಳೂ ಇದ್ದವರು ಪೈಲ್ವಾನರೊಬ್ಬರೇ, ಅವರಿಗೋ ಅಭ್ಯಂಗದ ಅಗತ್ಯವೇ ಇರಲಿಲ್ಲ.

ಕಾರ್ಯಕ್ರಮವನ್ನು ಮತ್ತೊಂದು ವಾರ ಮುಂದೂಡಲಾಯಿತು. ಆಗ ಸಂಗಮೇಶ ಯಾವ ಸಂಹಿತೆಯಲ್ಲಿಯೂ ಬಿಡಿಸದ ಸಮಸ್ಯೆಯನ್ನು ಮುಂದಿಟ್ಟನು. ಎಲ್ಲ ಕಡೆಗೂ ನಮ್ಮ ಕೈ ನಿಲುಕುತ್ತದೆ, ಬೆನ್ನಿನ ನಡುಭಾಗಕ್ಕೆ ನಿಲುಕುವುದಿಲ್ಲ. ಅಲ್ಲಿ ಹಚ್ಚುವವರು ಯಾರು? ಒಬ್ಬರ ಹಿಂದೆ ಒಬ್ಬರು ಸಾಲಾಗಿ ಕುಳಿತು ಮುಂದಿನವರ ಬೆನ್ನಿಗೆ ಹಚ್ಚಬಹುದೆಂದು ನಾನು ಹೇಳಿದೆನು. ಹಾಗಾದರೆ ಕಟ್ಟಕಡೆಯವನ ಬೆನ್ನು ಒಣಗಿಯೇ ಉಳಿಯುತ್ತದೆಂದು ಬಸಣ್ಣನವರು ಆಕ್ಷೇಪಿಸಿದರು. ಮಾಸ್ತರರು ಕಟ್ಟೆಯ ಮೇಲೆ ಸುಣ್ಣದ ಚೂರಿನಿಂದ ಒಂದು ವೃತ್ತ ಬರೆದು ಅದರ ಮೇಲೆ ಐದು ಚುಕ್ಕೆಗಳನ್ನಿಟ್ಟರು. ದುಂಡಗೆ ಕುಳಿತರೆ ಕಟ್ಟಕಡೆಯವನೆಂಬವನೇ ಇರುವುದಿಲ್ಲ.

ಗಣಿತ ಪರಿಹಾರವಾಯಿತು, ಆದರೆ ಪೈಲ್ವಾನರ ಮುಂದಿನ ಚುಕ್ಕೆಯಲ್ಲಿ ಕುಳಿತು ಆ ಹೆಬ್ಬೆರಳಿಗೆ ಬೆನ್ನೊಡ್ಡಲು ಯಾರೂ ಒಪ್ಪಲಿಲ್ಲ. ಅವರ ಹಿಂದೆ ಕುಳಿತು ಅಷ್ಟು ಅಗಲದ ಬೆನ್ನನ್ನು ತಿಕ್ಕಲೂ ಯಾರೂ ಮುಂದೆ ಬರಲಿಲ್ಲ. ಕಾಲಿನ ಅನುಭವವಿರುವ ಬಸಣ್ಣನವರೇ ಮುಂದೆ ಕುಳಿತುಕೊಳ್ಳಲೆಂದು ಎಲ್ಲರೂ ಸೂಚಿಸಿದರೆ, ಕಾಲಿನ ಅನುಭವವಿರುವುದರಿಂದಲೇ ತಾವು ಕುಳಿತುಕೊಳ್ಳುವುದಿಲ್ಲವೆಂದು ಅವರು ಹೇಳಿದರು. ಕೊನೆಗೆ ಚೀಟಿ ಎತ್ತುವುದೆಂದು ತೀರ್ಮಾನವಾಗಿ, ಮಾಸ್ತರರು ಕಾಗದವನ್ನು ಐದು ತುಂಡು ಮಾಡಿ ಹೆಸರುಗಳನ್ನು ಬರೆಯತೊಡಗಿದರು.

“ಪಡಸಾಲೆಯಲ್ಲಿ ಹಾಸಿರುವುದು ಶಹಾಬಾದಿ ಫರ್ಸಿ. ಅದರ ಮೇಲೆ ಎಣ್ಣೆ ಚೆಲ್ಲಿದರೆ ಒಬ್ಬೊಬ್ಬರೂ ಸೊಂಟ ಮುರಿದುಕೊಳ್ಳುತ್ತೀರಿ” ಎಂದು ಶಾಂತಕ್ಕನವರು ಬಾಗಿಲಿಗೆ ಬಂದು ನಿಂತರು. “ಯಾರು ಯಾರಿಗಾದರೂ ಹಚ್ಚಿಕೊಳ್ಳಿರಿ, ನೆಲ ತೊಳೆಯುವವರು ಯಾರೆಂಬ ಚೀಟಿಯನ್ನು ಮೊದಲು ಎತ್ತಿರಿ.”

ಮಾಸ್ತರರು ಪೆನ್ನಿನ ಮುಚ್ಚಳ ಹಾಕಿ, ತಾವು ತಲೆ, ಕಿವಿ, ಪಾದಗಳಿಗಷ್ಟೇ ಮನೆಯಲ್ಲಿ ಹಚ್ಚಿಕೊಳ್ಳುವುದಾಗಿ ಹೇಳಿದರು.