ಮನೆಯಲ್ಲೇ ಮಾಡಿದ ಸ್ನಾರ್ಕೆಲ್: ಏರ್ ಫಿಲ್ಟರ್ ಡಬ್ಬಿಯಲ್ಲಿ ನೀರು ನಿಲ್ಲುತ್ತಿದೆ

ಪ್ರಶ್ನೆ (ಹೊಸನಗರ ಕಡೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳವಿದೆ. ನಡೆದು ಹೋಗುವವರಿಗೆ ಕಾಲುಸಂಕವಿದೆ, ವಾಹನಕ್ಕೆ ಮಾತ್ರ ಹಳ್ಳವೇ ದಾರಿ. ಸಾಮಾನ್ಯವಾಗಿ ನೀರು ಚಕ್ರದ ನಡುಮಟ್ಟಕ್ಕೆ ಬರುತ್ತದೆ, ಪುಷ್ಯ ಮಳೆ ಜೋರಾಗಿ ಹಿಡಿದರೆ ಬಂಪರನ್ನು ಮುಟ್ಟುತ್ತದೆ. ನನ್ನದು ಟರ್ಬೊ ಇರುವ ಹಳೆಯ ಡೀಸೆಲ್ ಜೀಪು. 75 ಮಿ.ಮೀ. ಪಿ.ವಿ.ಸಿ. ಪೈಪು ಮತ್ತು ಎಲ್ಬೋಗಳನ್ನು ಬಳಸಿ, ಮಡ್‌ಗಾರ್ಡ್ ಕೊರೆದು, ಮುಂಗಾಜಿನ ಪಕ್ಕದ ಕಂಬಕ್ಕೆ ಕ್ಲ್ಯಾಂಪ್ ಹಾಕಿ ಸ್ನಾರ್ಕೆಲನ್ನು (ನೀರಿಗಿಂತ ಮೇಲಿನಿಂದ ಎಂಜಿನ್ನಿಗೆ ಗಾಳಿ ತರುವ ಪೈಪು) ಚಾವಣಿಯ ಎತ್ತರಕ್ಕೆ ಒಯ್ದಿದ್ದೇನೆ. ಪೈಪಿನ ಬಾಯಿ ಮುಂದಕ್ಕೆ ಮುಖ ಮಾಡಿದೆ. ಕೀಲುಗಳಿಗೆಲ್ಲ ಸಿಲಿಕಾನ್ ಮೆತ್ತಿದ್ದೇನೆ, ಫಿಲ್ಟರ್ ಡಬ್ಬಿಯ ತಳದಲ್ಲಿದ್ದ ಸಣ್ಣ ತೂತನ್ನೂ ಅದರಿಂದಲೇ ಮುಚ್ಚಿದ್ದೇನೆ. ಇಷ್ಟಾದರೂ ಡಬ್ಬಿ ಬಿಚ್ಚಿದಾಗ ತಳದಲ್ಲಿ ಒಂದು ಲೋಟದಷ್ಟು ನೀರಿತ್ತು, ಫಿಲ್ಟರಿನ ಕೆಳಭಾಗ ನೆನೆದಿತ್ತು. ಹಳ್ಳದ ನೀರು ಎಲ್ಲಿಂದ ಒಳಗೆ ಬರುತ್ತಿದೆ ಎಂಬುದು ತಿಳಿಯುತ್ತಿಲ್ಲ.

ಉತ್ತರ (ಶಿವಮೊಗ್ಗದಿಂದ)

ಮೊದಲು ಒಂದು ವಿಷಯ ಹೇಳಿ: ಡಬ್ಬಿಯಲ್ಲಿದ್ದ ನೀರಿನ ಬಣ್ಣ ಯಾವುದು? ಮಳೆಗಾಲದ ಹಳ್ಳ ಕೆಂಪಗೆ ಹರಿಯುತ್ತದೆ. ಆ ನೀರು ಒಳಗೆ ಬಂದಿದ್ದರೆ ಡಬ್ಬಿಯ ತಳದಲ್ಲಿ ಕೆಸರಿನ ಪದರ ಕೂತಿರಬೇಕು, ಫಿಲ್ಟರಿನ ಕಾಗದದ ಮಡಿಕೆಗಳಲ್ಲಿ ಕೆಂಪು ಗೆರೆ ಮೂಡಿರಬೇಕು.

ಇದಕ್ಕೆ ಉತ್ತರ ಸಿಗುವ ತನಕ ಹಳ್ಳಕ್ಕೆ ಇಳಿಯಬೇಡಿ. ನೀರು ಗಾಳಿಯಂತೆ ಒತ್ತಿದರೆ ಕುಗ್ಗುವ ವಸ್ತುವಲ್ಲ. ಅದು ಸಿಲಿಂಡರಿಗೆ ಹೋದರೆ ಮೇಲೇರುವ ಪಿಸ್ಟನ್ ಅದಕ್ಕೆ ಬಡಿದು ನಿಲ್ಲುತ್ತದೆ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಮೇಲೆ ಉಳಿಯುವ ಜಾಗ ತೀರಾ ಕಡಿಮೆಯಾದ್ದರಿಂದ ಸ್ವಲ್ಪ ನೀರು ಹೋದರೂ ಅನಾಹುತವಾಗಬಹುದು.

ಬಣ್ಣ ನೋಡಿದ ಮೇಲೆ ಅಂಗೈ ಪರೀಕ್ಷೆ ಮಾಡಿ. ಎಂಜಿನ್ ಐಡಲಿನಲ್ಲಿರುವಾಗ ಸ್ನಾರ್ಕೆಲಿನ ಬಾಯಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಿದರೆ ಕೆಲವೇ ಕ್ಷಣಗಳಲ್ಲಿ ಎಂಜಿನ್ ಉಸಿರು ಕಟ್ಟಿ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಬೇರೆಲ್ಲಿಂದಲೋ ಗಾಳಿ ಎಳೆದುಕೊಳ್ಳುತ್ತಿದೆ ಎಂದೇ ಅರ್ಥ, ಗಾಳಿ ನುಗ್ಗುವಲ್ಲಿ ನೀರೂ ನುಗ್ಗುತ್ತದೆ. ಟರ್ಬೊ ಇರುವುದರಿಂದ ಈ ಪರೀಕ್ಷೆಯಲ್ಲಿ ಆಕ್ಸಿಲರೇಟರ್ ಒತ್ತಲೇಬಾರದು.

ಪ್ರಶ್ನೆ ಕೇಳಿದವರು

ನೀರು ತಿಳಿಯಾಗಿತ್ತು, ತಳದಲ್ಲಿ ಎರಡು ಒಣ ಎಲೆಯ ಚೂರುಗಳಿದ್ದವು, ಕೆಸರು ಇರಲಿಲ್ಲ. ಅಂಗೈ ಪರೀಕ್ಷೆಯಲ್ಲಿ ಎಂಜಿನ್ ಕುಗ್ಗಿತು, ಆದರೆ ನಿಲ್ಲಲಿಲ್ಲ.

ಉತ್ತರ (ಶಿವಮೊಗ್ಗದಿಂದ)

ಹಾಗಾದರೆ ನಿಮ್ಮಲ್ಲಿ ಎರಡು ದೋಷಗಳಿವೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ.

ಡಬ್ಬಿಯಲ್ಲಿದ್ದದ್ದು ಮಳೆಯ ನೀರು. ಮುಂದಕ್ಕೆ ಬಾಯಿ ತೆರೆದ ಪೈಪು ಓಡುವ ವಾಹನದಲ್ಲಿ ಎದುರು ಮಳೆಯನ್ನು ನೇರವಾಗಿ ನುಂಗುತ್ತದೆ. ನಮ್ಮ ಹುಲಿಕಲ್, ಆಗುಂಬೆ ಕಡೆಯ ಮಳೆಗೆ ಅರ್ಧ ಗಂಟೆಯ ಪ್ರಯಾಣವೇ ಸಾಕು. ಕಾರ್ಖಾನೆಯಲ್ಲಿ ಮಾಡಿದ ಸ್ನಾರ್ಕೆಲ್ ತಲೆಗಳಲ್ಲಿ ಹೀಗೆ ನುಗ್ಗಿದ ನೀರು ಹೊರಗೆ ಇಳಿಯಲು ಸೀಳುಗಳಿರುತ್ತವೆ, ಬರಿಯ ಎಲ್ಬೋದಲ್ಲಿ ಅವಿಲ್ಲ. ಇಂತಹ ನೀರು ಹೊರಹೋಗಲೆಂದೇ ಡಬ್ಬಿಯ ತಳದಲ್ಲಿ ತೂತು ಇಟ್ಟಿರುತ್ತಾರೆ, ಅದನ್ನೇ ನೀವು ಮುಚ್ಚಿದಿರಿ. ಆದರೆ ಅದನ್ನು ಹಾಗೆಯೇ ತೆರೆದು ಬಿಟ್ಟರೆ ಹಳ್ಳದ ನೀರು ಅಲ್ಲಿಂದಲೇ ಮೇಲೇರುತ್ತದೆ, ಆಗ ಸ್ನಾರ್ಕೆಲ್ ಇದ್ದೂ ಇಲ್ಲದಂತೆ. ಬಾತುಕೋಳಿಯ ಕೊಕ್ಕಿನ ಆಕಾರದ ಒಂದು ರಬ್ಬರ್ ವಾಲ್ವ್ ಸಿಗುತ್ತದೆ: ಎಂಜಿನ್ ಓಡುವಾಗ ಒಳಗಿನ ಸೆಳೆತಕ್ಕೆ ಅದರ ತುಟಿಗಳು ಮುಚ್ಚಿಕೊಳ್ಳುತ್ತವೆ, ನಿಲ್ಲಿಸಿದಾಗ ನಿಂತ ನೀರಿನ ಭಾರಕ್ಕೆ ತೆರೆದುಕೊಳ್ಳುತ್ತವೆ. ಅದರ ತುಟಿಗಳ ನಡುವೆ ಒಂದು ಕಸ ಸಿಕ್ಕಿಕೊಂಡರೂ ಮುಚ್ಚುವುದಿಲ್ಲವಾದ್ದರಿಂದ, ಪ್ರತಿ ಮಳೆಗಾಲವೂ ಹಳ್ಳ ದಾಟಬೇಕಾದ ನಿಮ್ಮಂಥವರಿಗೆ ವಾಷರ್ ಸಹಿತ ತಿರುಪು ಮುಚ್ಚಳವೇ ವಾಸಿ ಎಂದು ನನ್ನ ಅಭಿಪ್ರಾಯ. ಜೋರು ಮಳೆಯಲ್ಲಿ ಓಡಿಸಿ ಮನೆಗೆ ಬಂದ ಮೇಲೆ ಅದನ್ನು ತೆಗೆದು ನೀರು ಬಸಿಯಿರಿ.

ಎರಡನೆಯ ದೋಷ ಸೋರಿಕೆ. ಎಂಜಿನ್ ಆರಿಸಿ, ಸ್ನಾರ್ಕೆಲಿನ ಬಾಯಿಯಿಂದ ಬ್ಲೋವರಿನ ಗಾಳಿಯನ್ನು ಮೆಲ್ಲಗೆ ಬಿಟ್ಟು, ಪ್ರತಿ ಕೀಲಿಗೂ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಏಳುವ ಜಾಗವೇ ಸೋರುವ ಜಾಗ. ಡಬ್ಬಿಯ ಮುಚ್ಚಳದ ಅಂಚಿನ ಮೇಲೂ, ಮಡ್‌ಗಾರ್ಡಿನೊಳಗಿನ ಕೀಲಿನ ಮೇಲೂ ನನಗೆ ಅನುಮಾನ. ಎಂಜಿನ್ ಅಲುಗುತ್ತದೆ, ಬಾಡಿ ಅದರೊಂದಿಗೆ ಅಲುಗುವುದಿಲ್ಲ. ಅವೆರಡರ ನಡುವೆ ಗಟ್ಟಿ ಪಿ.ವಿ.ಸಿ. ಹಾಕಿ ಅಂಟಿಸಿದರೆ ಅಂಟು ಬಿರುಕು ಬಿಡುವುದು ಖಚಿತ. ಸಾಲದ್ದಕ್ಕೆ ಪಿ.ವಿ.ಸಿ. ಸುಮಾರು 80 ಡಿಗ್ರಿ ಶಾಖಕ್ಕೆ ಮೆತ್ತಗಾಗುತ್ತದೆ. ಬಾನೆಟ್ಟಿನ ಒಳಗಿನ ಭಾಗಕ್ಕೆ ದಪ್ಪ ಸಿಲಿಕಾನ್ ರಬ್ಬರ್ ಹೋಸ್ ಹಾಕಿ, ಎರಡೂ ತುದಿಗೆ ಸ್ಟೀಲ್ ಕ್ಲ್ಯಾಂಪ್ ಬಿಗಿಯಿರಿ; ಪಿ.ವಿ.ಸಿ. ಹೊರಗಷ್ಟೇ ಇರಲಿ. ಹುಳಿ ವಾಸನೆ ಬರುವ ಸಿಲಿಕಾನ್ ಅಂಟಿನಲ್ಲಿ ಅಸಿಟಿಕ್ ಆಮ್ಲ ಇರುತ್ತದೆ, ಅದು ತಾಮ್ರದ ತಂತಿಗಳನ್ನು ತಿನ್ನುತ್ತದೆ. ಅದನ್ನು ವೈರಿಂಗ್ ಹತ್ತಿರ ಬಳಸಬೇಡಿ.

ಇನ್ನೊಂದು ಉತ್ತರ (ತೀರ್ಥಹಳ್ಳಿಯಿಂದ)

ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಪೈಪಿನ ತಲೆಗೆ ಟ್ರ್ಯಾಕ್ಟರುಗಳಲ್ಲಿ ಕಾಣುವ ಅಣಬೆಯಾಕಾರದ ಪ್ರೀ ಕ್ಲೀನರ್ ಕೂರಿಸಿದರೆ ಮಳೆಹನಿ, ಧೂಳು, ಎಲೆ ಬಹುಪಾಲು ಹೊರಗೇ ಉಳಿಯುತ್ತವೆ. 90 ಡಿಗ್ರಿಯ ಒಂದು ಎಲ್ಬೋ ಬದಲು 45 ಡಿಗ್ರಿಯ ಎರಡು ಹಾಕಿದರೆ ಗಾಳಿಗೆ ಅಡ್ಡಿ ಕಡಿಮೆಯಾಗುತ್ತದೆ.

ಆದರೆ ಸ್ನಾರ್ಕೆಲ್ ಇದೆ ಎಂದ ಮಾತ್ರಕ್ಕೆ ಜೀಪು ಹೆಚ್ಚು ಆಳಕ್ಕೆ ಇಳಿಯಬಲ್ಲದು ಎಂದುಕೊಳ್ಳಬಾರದು. 2020ರ ಮಹೀಂದ್ರ ಥಾರ್ ಸ್ನಾರ್ಕೆಲ್ ಇಲ್ಲದೆಯೇ 650 ಮಿ.ಮೀ. ನೀರು ದಾಟುತ್ತದೆ, ಸ್ನಾರ್ಕೆಲ್ ಹಾಕಿಯೇ ಬರುವ ಫೋರ್ಸ್ ಗೂರ್ಖಾಕ್ಕೆ ತಯಾರಕರು ಹೇಳುವ ಆಳ 700 ಮಿ.ಮೀ. ಮಾತ್ರ. ಪೈಪು ಚಾವಣಿ ಮುಟ್ಟಿದರೂ ಆಕ್ಸಲ್, ಗೇರ್‌ಬಾಕ್ಸ್, ವೈರಿಂಗ್ ಇರುವುದು ಕೆಳಗೇ. ಬಿಸಿಯಾದ ಡಿಫರೆನ್ಷಿಯಲ್ (ಆಕ್ಸಲಿನ ನಡುವಿನ ಗೇರುಗಳ ಗುಂಡು) ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಆಯಿಲ್ ಸೀಲಿನ ಸಂದಿಯಿಂದಲೋ ಗಾಳಿಯಾಡಲು ಇಟ್ಟ ಸಣ್ಣ ರಂಧ್ರವಾದ ಬ್ರೀದರಿನಿಂದಲೋ ನೀರನ್ನು ಸೆಳೆಯುತ್ತದೆ. ಎರಡೂ ಆಕ್ಸಲ್, ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿನ (ಎರಡೂ ಆಕ್ಸಲಿಗೆ ಶಕ್ತಿ ಹಂಚುವ ಗೇರು ಪೆಟ್ಟಿಗೆ) ಬ್ರೀದರುಗಳಿಗೆ ರಬ್ಬರ್ ನಳಿಕೆ ಜೋಡಿಸಿ, ಬಾನೆಟ್ಟಿನೊಳಗೆ ಎತ್ತರಕ್ಕೆ ಒಯ್ದು, ತುದಿಗೆ ಸಣ್ಣ ಫ್ಯೂಯೆಲ್ ಫಿಲ್ಟರ್ ಸಿಕ್ಕಿಸಿ. ನಾನಾಗಿದ್ದರೆ ಸ್ನಾರ್ಕೆಲಿಗೆ ಮೊದಲೇ ಇದನ್ನು ಮಾಡುತ್ತಿದ್ದೆ.

ವೈರಿಂಗ್ ಕನೆಕ್ಟರುಗಳನ್ನು ಒರೆಸಿ ಒಣಗಿಸಿ, ರಬ್ಬರ್ ಸೀಲಿಗೆ ಡೈಎಲೆಕ್ಟ್ರಿಕ್ ಗ್ರೀಸ್ (ವಿದ್ಯುತ್ ಹರಿಯದ ಗ್ರೀಸ್) ಹಚ್ಚಿ. ಬೆಲ್ಟಿನಿಂದ ತಿರುಗುವ ಫ್ಯಾನ್ ನೀರಿಗೆ ಬಡಿದು ಮುಂದಕ್ಕೆ ಬಾಗಿ ರೇಡಿಯೇಟರನ್ನು ಸೀಳುವುದುಂಟು. ಗ್ರಿಲ್ಲಿಗೆ ಟಾರ್ಪಾಲು ಕಟ್ಟಿ, ನಡೆಯುವ ವೇಗದಲ್ಲಿ, ಲೋ ಗೇರಿನಲ್ಲಿ, ನಡುವೆ ಕ್ಲಚ್ ಒತ್ತದೆ ದಾಟಿ. ಹರಿವು ಜೋರಾಗಿದ್ದರೆ ಎರಡಡಿ ನೀರೂ ವಾಹನವನ್ನು ಕೊಚ್ಚಿಕೊಂಡು ಹೋಗಬಲ್ಲದು, ಅಂಥ ದಿನ ಕಾಲುಸಂಕವೇ ಗತಿ.

ಇನ್ನೊಂದು ಮಾತು: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿಕೊಳ್ಳಿ, ವಿಮೆಯಲ್ಲಿ ಎಂಜಿನ್ ರಕ್ಷಣೆಯ ಹೆಚ್ಚುವರಿ ಸೌಲಭ್ಯ ಇದೆಯೇ ನೋಡಿ.

ಪ್ರಶ್ನೆ ಕೇಳಿದವರು

ನೊರೆ ಹಚ್ಚಿದಾಗ ಮಡ್‌ಗಾರ್ಡಿನೊಳಗಿನ ಎಲ್ಬೋ ಬಳಿ ಗುಳ್ಳೆ ಎದ್ದಿತು. ಅಲ್ಲಿ ಹೋಸ್ ಮತ್ತು ಕ್ಲ್ಯಾಂಪ್ ಹಾಕಿದ ಮೇಲೆ ಅಂಗೈ ಮುಚ್ಚಿದೊಡನೆ ಎಂಜಿನ್ ನಿಂತಿತು. ತಿರುಪು ಮುಚ್ಚಳ ಹಾಕಿದ್ದೇನೆ. ಹಿಂದಿನ ಆಕ್ಸಲಿನ ಎಣ್ಣೆ ಮಾತ್ರ ಹಾಲು ಬೆರೆಸಿದಂತೆ ಬಿಳಿಚಿದೆ. ಬದಲಾಯಿಸಿದರೆ ಸಾಕೇ?

ಉತ್ತರ (ತೀರ್ಥಹಳ್ಳಿಯಿಂದ)

ಒಮ್ಮೆ ಬದಲಾಯಿಸಿದರೆ ಸಾಲದು. ಎಣ್ಣೆ ಬಿಸಿಯಿರುವಾಗ ಪೂರ್ತಿ ಬಸಿದು, ಹೊಸದನ್ನು ತುಂಬಿ, ಸ್ವಲ್ಪ ದೂರ ಓಡಿಸಿ ಮತ್ತೆ ಬಸಿಯಿರಿ. ಬ್ರೀದರ್ ನಳಿಕೆ ಹಾಕಿದ ಮೇಲೂ ಬಿಳಿಚಿದರೆ ಪಿನಿಯನ್ ಸೀಲ್ ಮತ್ತು ಆಕ್ಸಲ್ ಸೀಲುಗಳನ್ನು ಬದಲಾಯಿಸಿ.