ರಾಷ್ಟ್ರೀಯ ಆದಾಯದ ಲೆಕ್ಕ: 920 ಬರಬೇಕು, 910 ಬರ್ತಿದೆ

ಪ್ರಶ್ನೆ (ದ್ವಿತೀಯ ಪಿಯು, ಕಾಮರ್ಸ್)
ಮ್ಯಾಕ್ರೋ ಭಾಗದ ಲೆಕ್ಕ, ಎಲ್ಲ ಕೋಟಿ ರೂ.ಗಳಲ್ಲಿ: ಖಾಸಗಿ ಅನುಭೋಗ ವೆಚ್ಚ 700, ಸರ್ಕಾರದ ಅನುಭೋಗ ವೆಚ್ಚ 150, ನಿವ್ವಳ ಹೂಡಿಕೆ 200, ಸವಕಳಿ (ಯಂತ್ರ, ಕಟ್ಟಡ ಸವೆದ ಮೌಲ್ಯ) 50, ರಫ್ತು 60, ಆಮದು 80, ಪರೋಕ್ಷ ತೆರಿಗೆ 120, ಸಹಾಯಧನ 30, ವಿದೇಶಕ್ಕೆ ಪಾವತಿಸಿದ ನಿವ್ವಳ ಉತ್ಪಾದನಾಂಗ ಆದಾಯ (ಕೂಲಿ, ಬಡ್ಡಿ, ಲಾಭ ಇತ್ಯಾದಿ) 20. ರಾಷ್ಟ್ರೀಯ ಆದಾಯ ಎಷ್ಟು? ನನಗೆ 910 ಬರ್ತಿದೆ, ಉತ್ತರ 920 ಅಂತಿದೆ. ಅಚ್ಚಿನ ತಪ್ಪಿರಬಹುದಾ ಸರ್?

ಉತ್ತರ 1
ಅಚ್ಚಿನ ತಪ್ಪಲ್ಲ. ಹತ್ತರ ವ್ಯತ್ಯಾಸದ ಹಿಂದೆ 50ರದ್ದೊಂದು, 40ರದ್ದೊಂದು ತಪ್ಪು ಅಡಗಿವೆ.

ಜಿಡಿಪಿಗೆ (ಒಟ್ಟು ದೇಶೀಯ ಉತ್ಪನ್ನಕ್ಕೆ) ಬೇಕಾದ್ದು ಒಟ್ಟು ಹೂಡಿಕೆ. ಕೊಟ್ಟಿರೋದು ನಿವ್ವಳ, ಹಾಗಾಗಿ ಸವಕಳಿ ಸೇರಿಸಿ 250 ಮಾಡ್ಕೋಬೇಕು. ನೀವು 200ನ್ನೇ ಹಾಕಿ, ಕೊನೆಗೆ ಮತ್ತೆ 50 ಕಳೆದಿದ್ದೀರಿ. ಇನ್ನೊಂದು ಕಡೆ, ವಿದೇಶಕ್ಕೆ *ಪಾವತಿಸಿದ* ನಿವ್ವಳ ಆದಾಯವನ್ನು ಕಳೆಯುವ ಬದಲು ಕೂಡಿದ್ದೀರಿ. +20 ಮತ್ತು −20ರ ನಡುವೆ 40 ಅಂತರ.

700 + 150 + 250 + (60 − 80) = 1080. ಇದು ಮಾರುಕಟ್ಟೆ ಬೆಲೆಯಲ್ಲಿ ಜಿಡಿಪಿ. ರಾಷ್ಟ್ರೀಯ ಆದಾಯ ಅಂದರೆ ಉತ್ಪಾದನಾಂಗ ವೆಚ್ಚದಲ್ಲಿ (ಪರೋಕ್ಷ ತೆರಿಗೆ ಕಳೆದು, ಸಹಾಯಧನ ಕೂಡಿ) ನಿವ್ವಳ ರಾಷ್ಟ್ರೀಯ ಉತ್ಪನ್ನ, ಹಾಗಾಗಿ:
1080 − 50 (ಸವಕಳಿ) − 20 (ವಿದೇಶಕ್ಕೆ ಹೋದದ್ದು) − 90 (ತೆರಿಗೆ 120, ಅದರಲ್ಲಿ ಸಹಾಯಧನ 30 ಕಳೆದು) = 920.

ಲೆಕ್ಕ ಶುರು ಮಾಡೋ ಮೊದಲು 'ಒಟ್ಟು/ನಿವ್ವಳ', 'ವಿದೇಶದಿಂದ/ವಿದೇಶಕ್ಕೆ' ಪದಗಳ ಕೆಳಗೆ ಗೆರೆ ಎಳೀರಿ. ಪ್ರಶ್ನೆ ತೆಗೆಯೋರು ಬೇಕಂತಲೇ ಬದಲಾಯಿಸೋದು ಅವನ್ನೇ.

ಪ್ರಶ್ನೆ ಕೇಳಿದವರು
ಸರಿಹೋಯ್ತು, ಥ್ಯಾಂಕ್ಸ್! ಆಮದು ಯಾಕೆ ಕಳೀತೀವಿ? ಗೃಹಲಕ್ಷ್ಮಿ ಹಣ ಎಲ್ಲಿ ಸೇರುತ್ತೆ?

ಉತ್ತರ 2
ಹೊರದೇಶದ ಮೊಬೈಲ್ ಕೊಂಡರೆ ಅದರ ಬೆಲೆ ಆಗಲೇ 700ರೊಳಗೆ ಕೂತಿರುತ್ತೆ. ಇಲ್ಲಿ ಉತ್ಪಾದನೆಯಾಗದ ವಸ್ತು ಅದು, ಅದಕ್ಕೇ ಕಳೆಯೋದು. ಆಮದಿನಿಂದ ಜಿಡಿಪಿ ಕುಸಿಯುತ್ತೆ ಅಂತ ಬರೆದರೆ ತಪ್ಪು.

ಗೃಹಲಕ್ಷ್ಮಿಯ ತಿಂಗಳ 2000 ರೂ. ವರ್ಗಾವಣೆ ಪಾವತಿ. ಬದಲಿಗೆ ಸರಕಾಗಲಿ ಸೇವೆಯಾಗಲಿ ಹುಟ್ಟಿಲ್ಲ, ಆದ್ದರಿಂದ ಸರ್ಕಾರದ 150ರಲ್ಲಿ ಸೇರಿಸಬಾರದು. ಆ ದುಡ್ಡಲ್ಲಿ ದಿನಸಿ ತಂದಾಗ ಖಾಸಗಿ ಅನುಭೋಗಕ್ಕೆ ಬರುತ್ತೆ. ಹಳೇ ಬೈಕ್ ಮಾರಿದ 40,000 ರೂ. ಕೂಡ ಹೊರಗೇ, ಬ್ರೋಕರ್ ಪಡೆದ 1000 ರೂ. ಕಮಿಷನ್ ಮಾತ್ರ ಒಳಗೆ, ಅದು ಈ ವರ್ಷದ ಸೇವೆ.

ಉತ್ತರ 3
ದಿನಪತ್ರಿಕೆಯ ಅಂಕಿ ಹಿಡಿದು ಅಭ್ಯಾಸ ಮಾಡೋರಿಗೆ ಒಂದು ಮಾತು. 2011-12 ಆಧಾರ ವರ್ಷದ ಸರಣಿ 2015ರ ಜನವರಿಯಲ್ಲಿ ಬಂದಾಗಿನಿಂದ ಸುದ್ದಿಯ 'ಜಿಡಿಪಿ' ಅಂದರೆ ಮಾರುಕಟ್ಟೆ ಬೆಲೆಯದ್ದು. ಜೊತೆಗೆ ಬರುವ ಜಿವಿಎ (ಒಟ್ಟು ಮೌಲ್ಯವರ್ಧನೆ) ಮೂಲ ಬೆಲೆಯಲ್ಲಿದೆ, ಅಂದರೆ ಸರಕಿನ ಮೇಲಿನ ತೆರಿಗೆ ಕಳೆದು, ಸಹಾಯಧನ ಕೂಡಿದ್ದು. ಉತ್ಪಾದನಾಂಗ ವೆಚ್ಚ ಅಂದುಕೊಂಡು ಅದನ್ನು ಈ ಸೂತ್ರಕ್ಕೆ ಹಾಕಬೇಡಿ, ಉತ್ಪಾದನೆ ಮೇಲಿನ ತೆರಿಗೆ-ಸಹಾಯಧನ ಅದರಲ್ಲಿ ಉಳಿದಿರುತ್ತೆ.